ಮರಿ ಹಕ್ಕಿ ಕೆಳಗೆ ಬಿದ್ದಿತ್ತು, ಏನು ತಿನ್ನಿಸಲಿ?

ಓದುಗರ ಪ್ರಶ್ನೆ: ಮರದ ಕೆಳಗೆ ಒಂದು ಮರಿ ಹಕ್ಕಿ ಬಿದ್ದಿತ್ತು. ತಾಯಿ ಎಲ್ಲೂ ಕಾಣಲಿಲ್ಲ. ಬೆಕ್ಕಿನ ಪಾಲಾದೀತು ಅಂತ ಮನೆಗೆ ತಂದಿದ್ದೇನೆ. ಬಾಯಿಯನ್ನೇ ಬಿಡುತ್ತಿಲ್ಲ. ಹಾಲು ಕೊಡಲಾ, ನೀರು ಕೊಡಲಾ? ಏನು ತಿನ್ನಿಸಿ ಸಾಕಬೇಕು?

ಉತ್ತರ: ಸದ್ಯಕ್ಕೆ ಏನೂ ಕೊಡಬೇಡಿ. ಹಾಲು ಖಂಡಿತ ಬೇಡ, ನೀರೂ ಬೇಡ. ಬಾಯಿ ಬಿಡುತ್ತಿಲ್ಲ ಅಂದರೆ ಅದಕ್ಕೆ ಚಳಿಯಾಗಿರಬೇಕು ಅಥವಾ ಭಯವಾಗಿರಬೇಕು. ಗಾಳಿಗೆ ತೂತು ಮಾಡಿದ ಒಂದು ರಟ್ಟಿನ ಡಬ್ಬಿಯೊಳಗೆ ಬಟ್ಟೆ ಹಾಸಿ ಮರಿಯನ್ನು ಅದರಲ್ಲಿಡಿ, ಮೇಲೆ ಮುಚ್ಚಿ, ಆಮೇಲೆ ಇದನ್ನು ಓದಿ. ಸ್ವಲ್ಪ ಹೊತ್ತು ಹಸಿದಿದ್ದರೆ ಮರಿ ಸಾಯುವುದಿಲ್ಲ. ಗಾಬರಿಯಲ್ಲಿ ನಾವು ಹಾಕುವ ತುತ್ತಿನಿಂದ ಸಾಯುವುದು ಜಾಸ್ತಿ.

ಮೊದಲು ನೋಡಬೇಕಾದ್ದು, ಅದು ನಿಜವಾಗಿಯೂ ಅನಾಥವಾ ಅಂತ. ಮೈತುಂಬ ಪುಕ್ಕ ಬಂದಿದೆಯಾ? ಬಾಲ ಮೋಟಾಗಿದೆಯಾ? ನಿಮ್ಮ ಬೆರಳನ್ನು ಗಟ್ಟಿಯಾಗಿ ಹಿಡಿದು ಕೂರುತ್ತದಾ, ನೆಲದ ಮೇಲೆ ಬಿಟ್ಟರೆ ಕುಪ್ಪಳಿಸುತ್ತದಾ? ಹೌದಾದರೆ ಅದು ಗೂಡಿನಿಂದ ಬಿದ್ದದ್ದಲ್ಲ, ತಾನಾಗಿಯೇ ಹೊರಗೆ ಬಂದದ್ದು. ಬಹಳಷ್ಟು ಸಣ್ಣ ಹಕ್ಕಿಗಳ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ, ಮೊಟ್ಟೆಯೊಡೆದು ಎರಡು ವಾರದ ಆಸುಪಾಸಿನಲ್ಲಿ, ಗೂಡು ಬಿಡುತ್ತವೆ. ಆಮೇಲೆ ಕೆಲವು ದಿನ ನೆಲದಲ್ಲಿ, ಪೊದೆಯಲ್ಲಿ, ತಗ್ಗಿನ ಕೊಂಬೆಗಳಲ್ಲಿ ಓಡಾಡಿಕೊಂಡಿರುತ್ತವೆ. ತಂದೆ ತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ನೀವು ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಬರುವುದಿಲ್ಲ. ನಿಮಗೆ ತಾಯಿ ಕಾಣಲಿಲ್ಲ ಅಂದಿರಲ್ಲ, ಬಹುಶಃ ಅದು ಯಾವುದೋ ಕೊಂಬೆಯ ಮೇಲಿಂದ ನಿಮ್ಮನ್ನೇ ನೋಡುತ್ತಿತ್ತು.

ಅಂಥ ಮರಿಯನ್ನು ಸಿಕ್ಕ ಜಾಗಕ್ಕೇ ಒಯ್ದು, ಹತ್ತಿರದ ಪೊದೆಯಲ್ಲೋ ತಗ್ಗಿನ ಕೊಂಬೆಯ ಮೇಲೋ ಬಿಡಿ. ತಂದು ಒಂದು ರಾತ್ರಿ ಕಳೆದಿದ್ದರೂ ಪ್ರಯತ್ನಿಸಿ, ತಂದೆ ತಾಯಿ ಅಷ್ಟು ಬೇಗ ಮರಿಯ ಆಸೆ ಬಿಡುವುದಿಲ್ಲ. ಬೆಕ್ಕು ನಾಯಿಗಳನ್ನು ಕೆಲವು ದಿನ ಒಳಗೆ ಕಟ್ಟಿಹಾಕುವುದು ಆ ಮರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ.

ಪುಕ್ಕವೇ ಬಂದಿಲ್ಲ, ಮೈ ಬೆತ್ತಲೆ, ಕಣ್ಣು ಮುಚ್ಚಿದೆ ಅಂದರೆ ಮಾತು ಬೇರೆ. ಅದು ಗೂಡಿನಲ್ಲೇ ಇರಬೇಕಾದ ಮರಿ. ಗಾಯವಿಲ್ಲದಿದ್ದರೆ ಅಂಗೈಯಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿ ವಾಪಸ್ ಗೂಡಿಗೆ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಅದು ಸುಳ್ಳು. ಕೈ ವಾಸನೆ ತಗುಲಿತು ಅಂತ ಹಕ್ಕಿಗಳು ಮರಿಯನ್ನು ಬಿಟ್ಟುಹೋಗುವುದಿಲ್ಲ. ಈ ಒಂದು ಸುಳ್ಳಿನಿಂದಾಗಿ ಎಷ್ಟೋ ಮರಿಗಳು ಸುಮ್ನೆ ತಾಯಿಯಿಂದ ದೂರವಾಗಿವೆ. ಗೂಡು ಹಾಳಾಗಿದ್ದರೆ ಅಥವಾ ಕೈಗೆಟುಕದಿದ್ದರೆ ತಳದಲ್ಲಿ ತೂತುಗಳಿರುವ ಒಂದು ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ, ನೆರಳಿರುವ ಕಡೆ, ಬಿಗಿಯಾಗಿ ಕಟ್ಟಿ. ತೂತಿಲ್ಲದಿದ್ದರೆ ಮಳೆ ಬಂದಾಗ ನೀರು ನಿಲ್ಲುತ್ತದೆ. ಮರಿಯ ಕೂಗು ಕೇಳಿ ತಂದೆ ತಾಯಿ ಬುಟ್ಟಿಗೇ ಬರುತ್ತವೆ. ದೂರದಿಂದ, ಕಿಟಕಿಯ ಹಿಂದೆ ನಿಂತು ಒಂದೆರಡು ಗಂಟೆ ಗಮನಿಸಿ.

ಹಾಗಾದರೆ ನಿಜವಾಗಿ ಎತ್ತಿಕೊಂಡು ಬರಬೇಕಾದ್ದು ಯಾವಾಗ? ರಕ್ತ ಬರುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದರೆ, ತಂದೆ ತಾಯಿ ಸತ್ತಿರುವುದು ಗೊತ್ತಿದ್ದರೆ. ಪುಕ್ಕ ಸರಿಸಿ ಚರ್ಮವನ್ನೂ ನೋಡಿ. ಗಾಯದ ಸುತ್ತ, ಕಣ್ಣಿನ ಮೂಲೆಯಲ್ಲಿ, ಗುದದ ಹತ್ತಿರ ಬಿಳಿ ಸಣ್ಣ ಕಾಳುಗಳು ಗುಂಪಾಗಿ ಅಂಟಿಕೊಂಡಂತೆ ಕಂಡರೆ ಅವು ನೊಣದ ಮೊಟ್ಟೆಗಳು. ಬೆಚ್ಚಗಿನ ಹವೆಯಲ್ಲಿ ಒಂದು ದಿನದೊಳಗೆ ಅವು ಹುಳವಾಗಿ ಮಾಂಸದೊಳಗೆ ಇಳಿಯುತ್ತವೆ. ಅಲ್ಲಿ ಕಾಯುವ ಮಾತೇ ಇಲ್ಲ.

ಬೆಕ್ಕು ಕಚ್ಚಿದ ಹಕ್ಕಿಯ ವಿಷಯವನ್ನಂತೂ ಒತ್ತಿ ಹೇಳಬೇಕು. ಹೊರಗೆ ಏನೂ ಕಾಣುವುದಿಲ್ಲ. ಹಲ್ಲು ಸೂಜಿಯಷ್ಟು ತೆಳು, ತೂತು ತಕ್ಷಣ ಮುಚ್ಚಿಕೊಳ್ಳುತ್ತದೆ. ಆದರೆ ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಒಳಗೆ ಸೇರಿ ರಕ್ತಕ್ಕೆ ನಂಜು ಏರಿಸುತ್ತದೆ. ಇವತ್ತು ಚುರುಕಾಗಿದ್ದ ಹಕ್ಕಿ ನಾಳೆಯೋ ನಾಡಿದ್ದೋ ಸತ್ತಿರುತ್ತದೆ. ಬೆಕ್ಕಿನ ಬಾಯಿಂದ ಬಿಡಿಸಿದ ಯಾವ ಹಕ್ಕಿಯೇ ಆಗಲಿ, ಚೆನ್ನಾಗಿಯೇ ಕಂಡರೂ, ಅವತ್ತೇ ಆ್ಯಂಟಿಬಯೋಟಿಕ್ ಬೀಳಬೇಕು. ರೆಕ್ಕೆ ಮುರಿದಿದ್ದರೂ ಹೀಗೇ ಆತುರ ಬೇಕು. ಹಕ್ಕಿಯ ಮೂಳೆ ಬೇಗ ಕೂಡಿಕೊಳ್ಳುತ್ತದೆ, ಎರಡು ಮೂರು ವಾರ ಸಾಕು. ಬೇಗ ಕೂಡುವುದೇ ತೊಂದರೆ ಕೂಡ. ಸೊಟ್ಟಗೆ ಕೂಡಿಕೊಂಡರೆ ಅದು ಮತ್ತೆ ಹಾರಲಾರದು. ಮನೆಯಲ್ಲೇ ಕಡ್ಡಿ ಕಟ್ಟಿ ನೋಡೋಣ ಅನ್ನಬೇಡಿ.

ಈಗ ಆ ಡಬ್ಬಿಯ ವಿಷಯ. ಗಾಳಿಗೆ ತೂತುಗಳನ್ನು ಮರಿ ಇಡುವ ಮೊದಲೇ ಮಾಡಿರಬೇಕು. ಟವೆಲ್ ಬೇಡ, ಅದರ ದಾರದ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಳೆಯ ಬನಿಯನ್ ಬಟ್ಟೆ ಒಳ್ಳೆಯದು. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಒಂದು ಬದಿಗೆ ಮಾತ್ರ ಇಡಿ. ಸೆಖೆ ಅನ್ನಿಸಿದರೆ ಮರಿ ಇನ್ನೊಂದು ಬದಿಗೆ ಸರಿಯುವಂತಿರಬೇಕು. ತಂತಿಯ ಪಂಜರಕ್ಕೆ ಹಾಕಿದರೆ ಬಡಿದಾಡಿ ಪುಕ್ಕ ಮುರಿದುಕೊಳ್ಳುತ್ತದೆ. ಟೀವಿ, ಮಕ್ಕಳ ಗಲಾಟೆ, ಫೋಟೋ ಎಲ್ಲವೂ ದೂರ ಇರಲಿ. ನಾವು ತಲೆ ಸವರಿದಾಗ ಅದು ಅಲುಗಾಡದೆ ಕೂತರೆ ನಮಗೆ ಸಮಾಧಾನವಾಯಿತು ಅನ್ನಿಸುತ್ತದೆ. ಅದು ಸಮಾಧಾನವಲ್ಲ, ಬೇಟೆಗಾರನ ಕೈಗೆ ಸಿಕ್ಕಿದೆ ಅನ್ನುವ ಭಯ. ಜಿಂಕೆಯಂಥ ಪ್ರಾಣಿಗಳಲ್ಲಿ ಈ ಭಯ, ಒದ್ದಾಟಕ್ಕೇ ಸ್ನಾಯುಗಳು ಕರಗಿ, ಬಿಡಿಸಿಕೊಂಡ ಎಷ್ಟೋ ದಿನದ ಮೇಲೂ ಸಾವು ಬರುವುದುಂಟು.

ನೀರು ಯಾಕೆ ಬೇಡ ಅಂದೆ? ಹಕ್ಕಿಯ ಬಾಯಿ ತೆರೆದಾಗ ನೋಡಿ, ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದೇ ಶ್ವಾಸನಾಳದ ಬಾಯಿ. ಡ್ರಾಪರ್‌ನಿಂದ ಬಿಟ್ಟ ನೀರು ನೇರವಾಗಿ ಅಲ್ಲಿಗೇ ಹೋಗಿ ಪುಪ್ಪುಸ ಸೇರುತ್ತದೆ. ಗೂಡಿನಲ್ಲಿ ಬಹಳಷ್ಟು ಮರಿಗಳಿಗೆ ಬೇರೆ ನೀರೇ ಇರುವುದಿಲ್ಲ. ಹುಳಹುಪ್ಪಟೆಯಲ್ಲಿರುವ ತೇವವೇ ಅವಕ್ಕೆ ಸಾಕು. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಿಗಳಲ್ಲ, ಅದು ಅವಕ್ಕೆ ಜೀರ್ಣವಾಗುವುದೂ ಇಲ್ಲ. ಇನ್ನು ಬ್ರೆಡ್ಡು, ಅನ್ನ ತಿನ್ನಿಸಿಯೇ ಸಾಕಿದರೆ ಹೊಟ್ಟೆ ತುಂಬುತ್ತದೆ, ಸುಣ್ಣದ ಅಂಶ ಸಿಗುವುದಿಲ್ಲ, ಕಾಲು ರೆಕ್ಕೆಗಳ ಮೂಳೆ ಬಾಗುತ್ತದೆ. ಮೈ ತಣ್ಣಗಿರುವ ಮರಿಯ ಹೊಟ್ಟೆಯಂತೂ ಏನನ್ನೂ ಅರಗಿಸದು. ಅದಕ್ಕೇ ಈ ಕೆಲಸ ಬಲ್ಲವರು ಮೊದಲು ಬಿಸಿ, ಆಮೇಲೆ ದ್ರವ, ಕೊನೆಗೆ ಆಹಾರ ಅನ್ನುವ ಕ್ರಮ ತಪ್ಪಿಸುವುದಿಲ್ಲ. ಹುಳ ತಿನ್ನುವ ಸಣ್ಣ ಮರಿಗೆ ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆಯಾದರೂ ಗುಟುಕು ಬೇಕು, ತೀರಾ ಎಳೆಯದಾದರೆ ಇನ್ನೂ ಬೇಗ ಬೇಗ. ಕೆಲಸಕ್ಕೆ ಹೋಗಿ ಬರುವವರ ಕೈಯಲ್ಲಿ ಆಗುವ ಮಾತಲ್ಲ ಇದು.

ಹಾಲು ಕುಡಿಯುವ ಪ್ರಾಣಿಗಳ ಮರಿಗೂ ಹಸುವಿನ ಹಾಲು ಹಿಡಿಸುವುದಿಲ್ಲ, ಭೇದಿಯಾಗುತ್ತದೆ. ಒಂದೊಂದು ಪ್ರಾಣಿಯ ಹಾಲೂ ಬೇರೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಹತ್ತಿರ ಇದ್ದರೆ ಕೆಲವು ಸೀಲ್‌ಗಳ ಹಾಲಿನಲ್ಲಿ 40ಕ್ಕೂ ಜಾಸ್ತಿ. ಅಳಿಲಿನಂಥ ಎಳೆಯ ಮರಿಗಳು ತಾವಾಗಿ ಮೂತ್ರ ಕೂಡ ಮಾಡಲಾರವು. ತಾಯಿ ನೆಕ್ಕಿ ಮಾಡಿಸುತ್ತದೆ, ಕಾಡುಜೀವಿಗಳ ರಕ್ಷಣಾ ಕೇಂದ್ರಗಳಲ್ಲಿ ಒದ್ದೆ ಹತ್ತಿಯಿಂದ ಒರೆಸಿ ಮಾಡಿಸುತ್ತಾರೆ. ಇನ್ನು ಹುಲ್ಲಿನಲ್ಲಿ ಒಂಟಿಯಾಗಿ ಅಲ್ಲಾಡದೆ ಮಲಗಿರುವ ಮೊಲದ ಮರಿ, ಜಿಂಕೆ ಮರಿ ಅನಾಥವಲ್ಲ. ತನ್ನಿಂದಾಗಿ ಬೇಟೆಗಾರರಿಗೆ ಸುಳಿವು ಸಿಗದಿರಲಿ ಅಂತ ತಾಯಿ ಬೇಕಂತಲೇ ದೂರ ಇರುತ್ತದೆ. ಮೊಲ ಹಾಲುಣಿಸುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಅದೂ ಕೆಲವೇ ನಿಮಿಷ.

ಬಾವಲಿ, ನರಿ, ಮುಂಗುಸಿ, ಕೋತಿ ಇವನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ, ಮರಿಯಾದರೂ ಸರಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಹತ್ತಿರ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಾವಾದರೆ ದೂರ ನಿಂತು ತರಬೇತಿ ಪಡೆದವರನ್ನು ಕರೆಯಿರಿ.

ಕೊನೆಗೆ ನಿಮ್ಮ ಪ್ರಶ್ನೆಯಲ್ಲಿದ್ದ ‘ಸಾಕಬೇಕು’ ಅನ್ನುವ ಮಾತು. ಬದುಕಿಸುವುದು ಸಾಧ್ಯ. ಕಷ್ಟವಿರುವುದು ಅದನ್ನು ಮತ್ತೆ ಕಾಡುಜೀವಿಯಾಗಿ ಮಾಡುವುದರಲ್ಲಿ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ 1930ರ ದಶಕದಲ್ಲಿ ತೋರಿಸಿದ ಹಾಗೆ, ಮೊಟ್ಟೆಯೊಡೆದಾಗ ಅವರನ್ನೇ ಮೊದಲು ಕಂಡ ಹೆಬ್ಬಾತಿನ ಮರಿಗಳು ಅವರನ್ನೇ ತಾಯಿ ಅಂದುಕೊಂಡು ಹಿಂದೆ ಸುತ್ತಿದವು. ಮನೆಯಲ್ಲಿ ಒಂಟಿಯಾಗಿ ಬೆಳೆದ ಮರಿಗೆ ತನ್ನ ಜಾತಿಯ ಕೂಗು ಗೊತ್ತಿರುವುದಿಲ್ಲ, ಮನುಷ್ಯರ ಭಯವೂ ಇರುವುದಿಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೊರ್ ಅನ್ನುವ ರಣಹದ್ದುಗಳು ಇಡೀ ಜಗತ್ತಿನಲ್ಲಿ 27 ಮಾತ್ರ ಉಳಿದಿದ್ದವು, ಎಲ್ಲವೂ ಮೃಗಾಲಯಗಳಲ್ಲಿ. ಅಲ್ಲಿ ಮರಿಗಳಿಗೆ ಮನುಷ್ಯರ ಮುಖ ಕಾಣದಿರಲೆಂದು ದೊಡ್ಡ ಹದ್ದಿನ ತಲೆಯಂಥ ಗೊಂಬೆಯನ್ನು ಕೈಗೆ ತೊಟ್ಟು ತಿನ್ನಿಸಿದರು. ಅಷ್ಟಾದರೂ 1992ರಿಂದ ಬಿಟ್ಟ ಮೊದಮೊದಲ ಹಕ್ಕಿಗಳು ಕಟ್ಟಡಗಳ ಹತ್ತಿರ ಸುಳಿದವು, ಕೆಲವು ವಿದ್ಯುತ್ ತಂತಿಗೆ ಬಡಿದು ಸತ್ತವು. ಆಮೇಲೆ ದೊಡ್ಡ ಕಾಂಡೊರ್‌ಗಳ ಜೊತೆಯಲ್ಲೇ ಮರಿಗಳನ್ನು ಇಟ್ಟು ಬುದ್ಧಿ ಕಲಿಸಬೇಕಾಯಿತು. ಅಷ್ಟು ಕಟ್ಟುನಿಟ್ಟಿನ ನಡುವೆಯೂ ಇಷ್ಟು ಕಷ್ಟವಾದರೆ, ಮನೆಯ ಹಜಾರದಲ್ಲಿ ಬೆಳೆದ ಮರಿ ಏನು ಕಲಿತೀತು?

ಅದಕ್ಕೇ ಪುನರ್ವಸತಿ ಕೇಂದ್ರಗಳು ಒಂದೇ ಜಾತಿಯ ಮರಿಗಳನ್ನು ಜೊತೆಗಿಡುತ್ತವೆ, ಹೆಸರಿಟ್ಟು ಮುದ್ದು ಮಾಡುವುದಿಲ್ಲ, ಉದ್ದನೆಯ ಪಂಜರದಲ್ಲಿ ಹಾರಿಸಿ ರೆಕ್ಕೆಗೆ ಬಲ ತುಂಬುತ್ತವೆ. ತಾನೇ ಆಹಾರ ಹುಡುಕುತ್ತದೆ, ಮನುಷ್ಯರನ್ನು ಕಂಡರೆ ದೂರ ಹೋಗುತ್ತದೆ ಅಂತ ಖಾತ್ರಿಯಾದ ಮೇಲೇ ಬಿಡುತ್ತವೆ. ಬಹಳಷ್ಟು ದೇಶಗಳಲ್ಲಿ ಅನುಮತಿಯಿಲ್ಲದೆ ಕಾಡುಜೀವಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಕೂಡ.

ನಿಮ್ಮ ಮರಿಗೆ ಗಾಯವಿದ್ದರೆ ಅಥವಾ ಬುಟ್ಟಿ ಕಟ್ಟಿದರೂ ತಂದೆ ತಾಯಿ ಬರದಿದ್ದರೆ ಹತ್ತಿರದ ರಕ್ಷಣಾ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೋ ಇವತ್ತೇ ಫೋನ್ ಮಾಡಿ. ಯಾವ ಮರದ ಕೆಳಗೆ, ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಡಬ್ಬಿಯ ಮೇಲೇ ಬರೆದಿಡಿ. ಗುಣವಾದ ಮೇಲೆ ಅದನ್ನು ಬಿಡಬೇಕಾದ ಜಾಗ ಅದೇ. ಈಗಾಗಲೇ ಏನಾದರೂ ತಿನ್ನಿಸಿದ್ದರೆ ಸಂಕೋಚಪಡದೆ ಅದನ್ನೂ ಹೇಳಿ. ಚಿಕಿತ್ಸೆ ಶುರು ಮಾಡುವವರಿಗೆ ಅದು ಮೊದಲು ಗೊತ್ತಿರಬೇಕು.