ಆ್ಯಪ್ ಬಿಟ್ಟವರ ಲೆಕ್ಕ ಎಲ್ಲಿದೆ?

ಜನವರಿಯಲ್ಲಿ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಜೋರು. ಹೆಂಗಸರು ಬೆಳಗಿನಿಂದ ಇಳಿಜಾರಿನಲ್ಲಿ ನಿಂತು, ಕೊಂಬೆ ಬಗ್ಗಿಸಿ ಹಣ್ಣು ಬಿಡಿಸುತ್ತಾರೆ. ಸಂಜೆ ತುಂಬಿದ ಚೀಲ ಹೊತ್ತು ತೂಕಕ್ಕೆ ತರುತ್ತಾರೆ. ಇವರಿಗೆ ಹೆಜ್ಜೆ ಎಣಿಸುವ ಆ್ಯಪ್ ಕೊಟ್ಟರೆ ಏನು ತೋರಿಸುತ್ತದೆ? ತೋಟದ ಕೆಲಸದವರ ಲೈನ್ ಮನೆಯಲ್ಲೇ ಫೋನ್ ಚಾರ್ಜಿಗೆ ಇದ್ದರೆ ಸೊನ್ನೆ. ಜೊತೆಗಿದ್ದರೂ ಜಾಸ್ತಿ ಏನೂ ಬರುವುದಿಲ್ಲ. ಫೋನಿನೊಳಗೆ ಅಲುಗಾಟ ಅಳೆಯುವ ಆಕ್ಸೆಲೆರೊಮೀಟರ್ ಹುಡುಕುವುದು ನಡೆಯುವಾಗ ಒಂದೇ ಲಯದಲ್ಲಿ ಬರುವ ಕುಲುಕನ್ನು. ಒಂದು ಗಿಡದ ಸುತ್ತ ಬಗ್ಗಿ ಎದ್ದು ಮಾಡುವ ಕೆಲಸ, ಹೊತ್ತ ಭಾರ, ಇದೆಲ್ಲ ಅದಕ್ಕೆ ಗೊತ್ತಾಗುವುದಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯೂ ಆಸ್ಪತ್ರೆಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆ ಯಂತ್ರ ಅದನ್ನು ಜನಪ್ರಿಯಗೊಳಿಸಿತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು 16,741 ಅಮೆರಿಕನ್ ಮಹಿಳೆಯರ ಹೆಜ್ಜೆ ಅಳೆದು 2019ರಲ್ಲಿ ವರದಿ ಕೊಟ್ಟರು. ಇವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 4,400 ಹೆಜ್ಜೆಯಷ್ಟೇ ನಡೆದವರಲ್ಲೂ, ತೀರಾ ಕಡಿಮೆ ನಡೆದವರಿಗಿಂತ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆರೋಗ್ಯ ಆ್ಯಪ್‌ಗಳ ಅಧ್ಯಯನದೊಳಗೆ ಬರುವವರು ಯಾರು? ಕೊನೆವರೆಗೆ ಉಳಿಯುವವರು ಯಾರು?

ಸ್ಟ್ಯಾನ್‌ಫರ್ಡ್‌ನವರು ನಡೆಸಿದ ಆ್ಯಪಲ್ ಹಾರ್ಟ್ ಸ್ಟಡಿಯನ್ನೇ ನೋಡಿ. ಕೈಗಡಿಯಾರದ ಬೆಳಕಿನಿಂದ ನಾಡಿ ಓದಿ, ಹೃದಯದ ಬಡಿತ ತಾಳ ತಪ್ಪಿದೆಯೇ ಎಂದು ಹುಡುಕುವ ಅಧ್ಯಯನ ಅದು. 4,19,297 ಜನ ಸೇರಿದರು. ಫೋನೂ ಬೇಕು, ವಾಚೂ ಬೇಕು. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಮಂದಿ ನಲವತ್ತರ ಒಳಗಿನವರು. 65 ದಾಟಿದವರು ನೂರಕ್ಕೆ ಸುಮಾರು ಆರು ಮಾತ್ರ. ಬಡಿತ ತಾಳ ತಪ್ಪುವ ಈ ತೊಂದರೆ ಜಾಸ್ತಿ ಕಾಡುವುದು ವಯಸ್ಸಾದವರನ್ನೇ ಅಲ್ವಾ? ವಾಚ್ ಎಚ್ಚರಿಕೆ ಕೊಟ್ಟದ್ದು 2,161 ಜನರಿಗೆ. ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಹಾಕಿಕೊಂಡು, ವಾಪಸು ಕಳಿಸಿ, ಲೆಕ್ಕಕ್ಕೆ ಸಿಕ್ಕವರು 450. ಅವರಲ್ಲಿ ನೂರಕ್ಕೆ 34 ಮಂದಿಯಲ್ಲಿ ತೊಂದರೆ ಕಂಡಿತು. ಉಳಿದ ಸಾವಿರದ ಏಳುನೂರಕ್ಕೂ ಹೆಚ್ಚು ಜನರ ಬಗ್ಗೆ ಆ ಪಟ್ಟಿ ಏನೂ ಹೇಳುವುದಿಲ್ಲ.

ಬಿಟ್ಟುಹೋಗುವುದು ಈ ಕ್ಷೇತ್ರದ ಹಳೆಯ ಸಂಗತಿ. ಡಿಜಿಟಲ್ ಆರೋಗ್ಯದ ಸಂಶೋಧಕ ಗುಂಥರ್ ಐಸೆನ್‌ಬಾಖ್ 2005ರಲ್ಲೇ ಇದನ್ನು ಒಂದು ನಿಯಮದಂತೆ ಮುಂದಿಟ್ಟರು. ಜನ ಯಾಕೆ ಬಿಡುತ್ತಾರೆ ಎಂಬುದೇ ಅಧ್ಯಯನದ ವಿಷಯವಾಗಬೇಕು ಎಂದರು. 2019ರಲ್ಲಿ ಅಮಿತ್ ಬೌಮೆಲ್ ತಂಡ ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆ ನೋಡಿತು. ನೂರು ಜನ ಹಾಕಿಕೊಂಡರೆ ಹದಿನೈದನೇ ದಿನಕ್ಕೆ ಉಳಿದವರು ಸುಮಾರು ನಾಲ್ವರು. ಸುಮ್ನೆ ಡೌನ್‌ಲೋಡ್ ಸಂಖ್ಯೆ ನೋಡಿ ಖುಷಿಪಡುವವರು ಈ ಅಂಕಿಯನ್ನೂ ನೋಡಬೇಕು.

ನಮ್ಮ ರಾಜ್ಯದಲ್ಲೂ ಒಳ್ಳೆಯ ಅಧ್ಯಯನ ಆಗಿದೆ. ಎಂವೆಲ್‌ಕೇರ್ ಎಂಬ ವ್ಯವಸ್ಥೆಯನ್ನು ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದರು. ನರ್ಸ್ ಟ್ಯಾಬ್ಲೆಟ್‌ನಲ್ಲಿ ಬಿಪಿ, ಶುಗರ್ ವಿವರ ತುಂಬಿದರೆ ಅದು ಚಿಕಿತ್ಸೆಯ ಸಲಹೆ ಕೊಡುತ್ತದೆ. ಒಂದು ವರ್ಷದ ನಂತರ ಬಿಪಿ, ಶುಗರ್ ಎರಡೂ ಇಳಿದವು. ಆದರೆ ಆ್ಯಪ್ ಇಲ್ಲದ ಕೇಂದ್ರಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದವು. ಅಲ್ಲಿಗೆ ಕೊಟ್ಟಿದ್ದು ಚಿಕಿತ್ಸಾ ಸೂಚನೆಗಳ ಚಾರ್ಟ್, ರೋಗಿಗಳಿಗೆ ಕರಪತ್ರ. ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ಸಂಶೋಧಕರ ಮೇಲೆ ನನಗೆ ತುಂಬಾ ಗೌರವ.

ಕೊಡಗಿಗೆ ಇಂಥ ಅಧ್ಯಯನ ಬಂದರೆ ಜುಲೈನಲ್ಲೂ ನಡೆಯಲಿ. ಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಭಾಗಮಂಡಲದ ಕಡೆ ಒಬ್ಬರು ನಾಲ್ಕು ದಿನ ಆ್ಯಪ್ ತೆರೆಯದಿದ್ದರೆ ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವುದು ತಪ್ಪು. ಮನೆಗೊಂದೇ ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿರುತ್ತದೆ ಎಂದು ಕೇಳಬೇಕು. ಆದಿವಾಸಿಗಳ ಹಾಡಿಯಲ್ಲಿ ಯರವ ಭಾಷೆ ಮಾತಾಡುವ ಅಜ್ಜಿಗೆ ಪರದೆಯ ಕನ್ನಡ ಓದಲು ಬರುತ್ತದೆಯೇ, ಧ್ವನಿಯಲ್ಲಿ ಕೇಳಿಸಿದರೆ ಅನುಕೂಲವೇ ಎಂದು ನೋಡಬೇಕು. ಆಶಾ ಕಾರ್ಯಕರ್ತೆಯರಿಗೆ ಇದೆಲ್ಲ ಗೊತ್ತಿರುತ್ತದೆ. ಪ್ರಶ್ನೆಪಟ್ಟಿ ಬರೆಯುವ ಮೊದಲೇ ಅವರನ್ನು ಕೂರಿಸಿ ಕೇಳಿ. ಆ್ಯಪ್ ಬಿಟ್ಟವರ ಮನೆಗೂ ಅವರ ಜೊತೆಯೇ ಹೋಗಿ.