ಪಳೆಯುಳಿಕೆ ನೋಡಿ ಕಲ್ಲಿನ ವಯಸ್ಸು, ಕಲ್ಲು ನೋಡಿ ಪಳೆಯುಳಿಕೆಯ ವಯಸ್ಸು?

ಪ್ರಶ್ನೆ: ಕಲ್ಲಿನ ವಯಸ್ಸನ್ನು ಅದರೊಳಗಿನ ಸಣ್ಣ ಸಮುದ್ರಜೀವಿಗಳ ಪಳೆಯುಳಿಕೆ ನೋಡಿ ಹೇಳುತ್ತಾರೆ. ಆ ಜೀವಿ ಯಾವ ಕಾಲದ್ದು ಅಂತ ಕೇಳಿದರೆ ಕಲ್ಲನ್ನು ತೋರಿಸುತ್ತಾರೆ. ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಯಿತು ಅಲ್ವಾ?

ಉತ್ತರ: ಕೇಳಲೇಬೇಕಾದ ಪ್ರಶ್ನೆ ಇದು. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಯಾವ ಪದರ ಮೊದಲು, ಯಾವುದು ಆಮೇಲೆ ಅಂತ ಹೇಳುವುದು ಒಂದು. ಎಷ್ಟು ವರ್ಷ ಅಂತ ಹೇಳುವುದು ಇನ್ನೊಂದು. ಪಳೆಯುಳಿಕೆ ಹೇಳುವುದು ಮೊದಲನೆಯದನ್ನು ಮಾತ್ರ.

ಸಮುದ್ರದ ತಳದಲ್ಲಿ ಕೆಸರು ಕೂರುತ್ತಾ ಹೋದಂತೆ ಹಳೆಯದು ಕೆಳಗೆ, ಹೊಸದು ಮೇಲೆ. ಒಂದೊಂದು ಪದರದಲ್ಲೂ ಬೇರೆ ಬೇರೆ ಜೀವಿಗಳಿವೆ, ಆ ಕ್ರಮ ಊರಿಂದೂರಿಗೆ ಬದಲಾಗುವುದಿಲ್ಲ ಅಂತ ಇಂಗ್ಲೆಂಡಿನ ವಿಲಿಯಂ ಸ್ಮಿತ್ ಕಂಡುಕೊಂಡರು. ಅವರ ಭೂವಿಜ್ಞಾನ ನಕ್ಷೆ ಬಂದದ್ದು 1815ರಲ್ಲಿ. ಆಗ ವರ್ಷದ ಲೆಕ್ಕವೂ ಇರಲಿಲ್ಲ, ಡಾರ್ವಿನ್‌ನ ವಿಕಾಸವಾದವೂ ಬಂದಿರಲಿಲ್ಲ. ಬರೀ ಪದರ ನೋಡಿ ಸಿಕ್ಕ ಕ್ರಮ ಅದು.

ವರ್ಷ ಎಲ್ಲಿಂದ ಬರುತ್ತದೆ? ಚೀನಾದ ಮೆಯ್‌ಶಾನ್‌ನಲ್ಲಿ ಒಂದು ಸುಣ್ಣಕಲ್ಲಿನ ಗಣಿಯಿದೆ. ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಶುರುವಾಗುವ ಗೆರೆಯನ್ನು 2001ರಲ್ಲಿ ಅಲ್ಲಿ ಅಧಿಕೃತವಾಗಿ ಗುರುತಿಸಿದರು. ಗುರುತು ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ ಮೊದಲ ಬಾರಿ ಕಾಣುವ ಜಾಗ. ಕೊನೊಡಾಂಟ್ ಅಂದರೆ ಹಾವುಮೀನಿನಂಥ ಮೆತ್ತನೆಯ ಜೀವಿಯ ಬಾಯಲ್ಲಿದ್ದ, ಹಲ್ಲಿನಂಥ ಚೂರು. ಕಲ್ಲನ್ನು ತೆಳು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಹುಡುಕಬೇಕು.

ಆ ಗೆರೆಯ ಕೆಳಗೂ ಮೇಲೂ ಜ್ವಾಲಾಮುಖಿ ಬೂದಿಯ ಪದರಗಳಿವೆ. ಬೂದಿಯಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಸೇರುವುದಿಲ್ಲ ಎನ್ನಬಹುದು. ಆಮೇಲೆ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎರಡನ್ನೂ ಅಳೆದರೆ ವರ್ಷ ಸಿಗುತ್ತದೆ. ಇದರಲ್ಲಿ ಪಳೆಯುಳಿಕೆಯ ಪಾತ್ರವೇ ಇಲ್ಲ. ಸುತ್ತು ಕಡಿಯುವುದು ಇಲ್ಲೇ.

ಬೂದಿ ಎಲ್ಲ ಕಡೆ ಸಿಗುವುದಿಲ್ಲ. ಆದರೆ ಅದೇ ಕೊನೊಡಾಂಟ್ ಬೂದಿಯೇ ಇಲ್ಲದ ದೂರದ ದೇಶದ ಕಲ್ಲಲ್ಲಿ ಸಿಕ್ಕರೆ, ಮೆಯ್‌ಶಾನ್‌ನ ವರ್ಷವನ್ನು ಅಲ್ಲಿಗೂ ಒಯ್ಯಬಹುದು. ಸೂಕ್ಷ್ಮ ಪಳೆಯುಳಿಕೆಯ ನಿಜವಾದ ಬೆಲೆ ಇದು ಅಂತ ನನಗನಿಸುತ್ತದೆ.

ದೊಡ್ಡ ಚಿಪ್ಪುಗಳೇಕೆ ಸಾಲದು? ಕೊಳವೆಬಾವಿ ಕೊರೆಯುವಾಗ ಅವು ಪುಡಿಯಾಗುತ್ತವೆ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ, ಮರಳಿನ ಕಾಳಿನಷ್ಟಿರುವ ಚಿಪ್ಪು ಉಳಿದುಕೊಳ್ಳುತ್ತದೆ, ಒಂದು ಹಿಡಿ ಚೂರಿನಲ್ಲೇ ನೂರಾರು ಸಿಗಬಹುದು. ಅವುಗಳಲ್ಲಿ ನೀರಿನಲ್ಲಿ ತೇಲುವ ಜಾತಿಗಳು ಪ್ರವಾಹದ ಜೊತೆ ಬಹುದೂರ ಹರಡುತ್ತವೆ. ಎಸ್ತರ್ ಆಪ್ಲಿನ್, ಆಲ್ವಾ ಎಲಿಸರ್, ಹೆಡ್ವಿಗ್ ನೈಕರ್ ಎಂಬ ಮೂವರು ಮಹಿಳೆಯರು ಟೆಕ್ಸಾಸ್, ಲೂಯಿಸಿಯಾನದ ಎಣ್ಣೆಬಾವಿಗಳ ಪದರಗಳನ್ನು ಇವುಗಳಿಂದಲೇ ಹೊಂದಿಸಿ 1925ರಲ್ಲಿ ಪ್ರಕಟಿಸಿದರು. ಇವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ಬಾವಿಯಲ್ಲಿ ಒಂದು ತೊಂದರೆಯಿದೆ. ಮೇಲಿನ ಗೋಡೆಯಿಂದ ಉದುರಿದ ಚೂರು ಆಳದ ಮಾದರಿಗೆ ಬೆರೆಯುತ್ತದೆ. ಹಾಗಾಗಿ ಒಂದು ಜಾತಿ ಎಷ್ಟು ಆಳದವರೆಗೆ ಸಿಕ್ಕಿತು ಅನ್ನುವುದನ್ನು ಸುಮ್ನೆ ನಂಬುವಂತಿಲ್ಲ. ಕೊರೆಯುತ್ತಾ ಇಳಿಯುವಾಗ ಅದು ಮೊದಲು ಎಲ್ಲಿ ಕಂಡಿತು ಅಂತ ನೋಡುತ್ತಾರೆ. ಅದಕ್ಕಿಂತ ಮೇಲಿನ, ಅಂದರೆ ಆಮೇಲಿನ ಪದರಗಳಲ್ಲಿ ಆ ಜಾತಿ ಇಲ್ಲ; ಹಾಗಾಗಿ ಅದು ಅಳಿದ ಕಾಲವನ್ನು ತೋರಿಸುವುದು ಆ ಜಾಗ. ಹಳೆಯ ಕಲ್ಲು ಸವೆದು, ಅದರ ಚಿಪ್ಪು ಹೊಸ ಕೆಸರಿಗೆ ಸೇರಿರುವುದೂ ಉಂಟು. ಹೊಸ ಜಾತಿ ಎಲ್ಲ ಸಮುದ್ರಕ್ಕೂ ಒಂದೇ ದಿನ ತಲುಪುವುದೂ ಇಲ್ಲ. ಅದಕ್ಕೇ ಒಂದೇ ಜಾತಿಯನ್ನು ನೆಚ್ಚದೆ ಹಲವನ್ನು ಒಟ್ಟಿಗೆ ನೋಡುತ್ತಾರೆ.

ಇದು ಸುತ್ತು ವಾದವಾಗಿದ್ದರೆ ಹೊಸ ಅಳತೆಯಿಂದ ಏನೂ ಬದಲಾಗುತ್ತಿರಲಿಲ್ಲ. ಆದರೆ ಮೆಯ್‌ಶಾನ್‌ನ ಗೆರೆಗೆ 2004ರ ಕಾಲಮಾನ ಪಟ್ಟಿಯಲ್ಲಿ 25.10 ಕೋಟಿ ವರ್ಷ ಅಂತಿತ್ತು. ಜಿರ್ಕಾನ್ ಅಳೆಯುವ ವಿಧಾನ ಸುಧಾರಿಸಿದ ಮೇಲೆ ಈಗ ಅದು ಸುಮಾರು 25.19 ಕೋಟಿ. ಸುಮಾರು 9 ಲಕ್ಷ ವರ್ಷ ಹಿಂದೆ ಸರಿಯಿತು. ಕೊನೊಡಾಂಟ್‌ಗಳ ಕ್ರಮ ಮಾತ್ರ ಹಾಗೇ ಇದೆ.