ದಿಬ್ಬ ಕಟ್ಟದ ದೈತ್ಯ ಹಕ್ಕಿಗಳು

ಪಳೆಯುಳಿಕೆಯಾದ ಹಕ್ಕಿ ಹೇಗೆ ಬದುಕಿತ್ತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹುಡುಕುವುದು ಅದರ ಕಾಲಿನ ಮೂಳೆಗಳನ್ನು. ಮೆಗಾಪೋಡ್ ಹಕ್ಕಿಗಳ ವಿಷಯದಲ್ಲಂತೂ ಎಲ್ಲ ಗುಟ್ಟೂ ಪಾದದಲ್ಲೇ ಇದೆ.

ಕೋಳಿಯ ದೂರದ ನೆಂಟರಾದ ಇವು ಮೊಟ್ಟೆಯ ಮೇಲೆ ಕೂತು ಕಾವು ಕೊಡುವುದಿಲ್ಲ. ಆಸ್ಟ್ರೇಲಿಯಾದ ಮ್ಯಾಲಿಫೌಲ್ ಗಂಡು ತರಗೆಲೆ, ಮರಳು ಕೆದರಿ ಹಲವು ಅಡಿ ಅಗಲದ ದಿಬ್ಬ ಕಟ್ಟುತ್ತದೆ. ಒಳಗೆ ಕೊಳೆಯುವ ಎಲೆಯ ಶಾಖ, ಮೇಲೆ ಬಿಸಿಲು. ಕೊಕ್ಕು ತೂರಿಸಿ ಬಿಸಿ ನೋಡುತ್ತದೆ, ಮರಳು ಎಳೆದು ಮುಚ್ಚುತ್ತದೆ, ಮತ್ತೆ ಸರಿಸುತ್ತದೆ. ಹೀಗೆ ತಿಂಗಳುಗಟ್ಟಲೆ ದುಡಿದು ಒಳಗಿನ ತಾಪವನ್ನು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯುತ್ತದೆ. ಮರಿ ತಾನೇ ಮಣ್ಣು ತೋಡಿಕೊಂಡು ಮೇಲೆ ಬಂದು, ತಂದೆತಾಯಿಯ ಆಸರೆಯಿಲ್ಲದೆ ಪೊದೆ ಸೇರುತ್ತದೆ. ನಮ್ಮ ನಿಕೋಬಾರ್ ದ್ವೀಪಗಳಲ್ಲೂ ಹೀಗೆ ದಿಬ್ಬ ಕಟ್ಟುವ ಮೆಗಾಪೋಡ್ ಇದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್‌ನಲ್ಲಿ ಸಿಕ್ಕ, ಅಳಿದುಹೋದ ದೈತ್ಯ ಹಕ್ಕಿಯೊಂದರ ದಪ್ಪ ಮೂಳೆಗಳಿಗೆ 1888ರಲ್ಲಿ ಪ್ರಾಣಿಶಾಸ್ತ್ರಜ್ಞ ಡಿ ವಿಸ್ ಪ್ರೊಗುರಾ ಎಂದು ಹೆಸರಿಟ್ಟರು, ಯಾವುದೋ ದೊಡ್ಡ ಪಾರಿವಾಳವೆಂದು ಬಗೆದು. ಅದು ಮೆಗಾಪೋಡ್ ಎಂದು ಪಕ್ಷಿತಜ್ಞ ವ್ಯಾನ್ ಟೆಟ್ಸ್ ಗುರುತಿಸಿದ್ದು 1974ರಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ನಾರಕೂರ್ಟ್ ಗುಹೆಗಳ ಮೂಳೆಗಳಿಗೆ ಅವರು ಬೇರೆ ಹೆಸರು ಕೊಟ್ಟರು. ಮುಂದೆ ಇವೆರಡೂ ಒಂದೇ ಜಾತಿ, ದೊಡ್ಡವು ಗಂಡು, ಸಣ್ಣವು ಹೆಣ್ಣು ಎಂಬ ವಾದ ಬಂತು. ಕೊನೆಗೆ ಈ ದೈತ್ಯವೇ ಕುಗ್ಗಿ ಇಂದಿನ ಮ್ಯಾಲಿಫೌಲ್ ಆಯಿತು ಎಂಬ ಕತೆಯೂ ಗಟ್ಟಿಯಾಯಿತು.

ಆ ಕತೆ ನಿಲ್ಲಲಿಲ್ಲ. ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಎಲೆನ್ ಶೂಟ್ ಮತ್ತು ಸಂಗಡಿಗರು ಹಳೆಯ ಸಂಗ್ರಹಗಳ ಜೊತೆಗೆ ನಲ್ಲಾರ್ಬರ್ ಬಯಲಿನ ಥೈಲಕೋಲಿಯೋ ಗುಹೆಗಳ ಮೂಳೆಗಳನ್ನೂ ಅಳೆದು ಹೋಲಿಸಿದರು. 2017ರಲ್ಲಿ ಅವರು ತೋರಿಸಿದ್ದು ಅಳಿದುಹೋದ ಐದು ಜಾತಿಗಳನ್ನು. ಕೆಲವು ನೀಳಕಾಲಿನವು, ಕೆಲವು ಗಿಡ್ಡ, ದಪ್ಪ ಮೈಯವು. ತೂಕ 3ರಿಂದ 8 ಕಿಲೋ. ಮ್ಯಾಲಿಫೌಲ್ ತೂಗುವುದು ಸುಮಾರು 2 ಕಿಲೋ. ಅದು ಇವುಗಳ ಕುಗ್ಗಿದ ಸಂತತಿಯಲ್ಲ, ಬೇರೆಯೇ ಕವಲು. ಇಷ್ಟು ದೊಡ್ಡ ಮೈ ಹೊತ್ತೂ ಇವು ಹಾರಬಲ್ಲವಾಗಿದ್ದವು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಪಾದದ ಸಾಕ್ಷ್ಯ. ದಿಬ್ಬ ಕಟ್ಟುವ ಹಕ್ಕಿಗೆ ರಾಶಿರಾಶಿ ಮಣ್ಣು ಕೆದರಲು ಅಗಲವಾದ ಪಾದ, ವಿಶೇಷ ಉಗುರು ಬೇಕು. ಈ ದೈತ್ಯಗಳಿಗೆ ಅವೆರಡೂ ಇರಲಿಲ್ಲ. ಇಂಡೋನೇಷ್ಯಾದ ಸುಲಾವೇಸಿಯ ಮಾಲಿಯೋ ಹಕ್ಕಿ ಇಂದಿಗೂ ಬೆಚ್ಚನೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಹೂಳುತ್ತದೆ. ಇವೂ ಬಹುಶಃ ಹಾಗೆಯೇ ಮಾಡುತ್ತಿದ್ದವು.

ನ್ಯೂ ಕ್ಯಾಲಿಡೋನಿಯಾದ ಸಿಲ್ವಿಯೋರ್ನಿಸ್‌ನ ವಿಷಯದಲ್ಲೂ ಇದೇ ಆಯಿತು. ಅಳಿದುಹೋದ, ಹಾರಲಾರದ ಆ ಭಾರೀ ಹಕ್ಕಿಯನ್ನು ಒಂದು ಕಾಲದಲ್ಲಿ ಮೆಗಾಪೋಡ್ ಎಂದರು, ಅಲ್ಲಿನ ದಿಬ್ಬಗಳನ್ನೂ ಅದರ ಲೆಕ್ಕಕ್ಕೇ ಬರೆದರು. 2016ರಲ್ಲಿ ಮೂಳೆಗಳ ಮರುಪರಿಶೀಲನೆ ಅದನ್ನು ಮೆಗಾಪೋಡ್‌ಗಳ ಕುಟುಂಬದಿಂದಲೇ ಹೊರಗಿಟ್ಟಿತು. ದಿಬ್ಬ ಕಟ್ಟುವ ಕಾಲೂ ಅದಕ್ಕಿರಲಿಲ್ಲ.